ಪರದೇಶದ ನಕ್ಷೆ, ನಮ್ಮವರ ಹದ



ಹೋದ ಸಲ ನಮ್ಮ ಸಂಘದಿಂದ ಲೋನಾವಳಕ್ಕೆ ಪ್ರವಾಸ ಹೋಗಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಊಟ ಮುಗಿಸಿ ಎಲ್ಲರೂ ಮರದ ನೆರಳಿನಲ್ಲಿ ಕುಳಿತಿದ್ದಾಗ ಪಕ್ಕದಲ್ಲಿ ಯಾರದೋ ಒಂದು ಮಹೀಂದ್ರ ಥಾರ್ ಬಂದು ನಿಂತಿತು. ನಿಮ್ಮಲ್ಲೇ ಒಬ್ಬ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿರುವ ಹುಡುಗ, ನನ್ನ ಕಡೆ ತಿರುಗಿ ಕೇಳಿದ: "ಮಾಮಾ, ಇದು ಅಮೆರಿಕದ ಜೀಪಿನ ಕಾಪಿ ಅಲ್ವಾ? ನೀವು ಮಿಲಿಟರಿಯಲ್ಲಿ ರಿಪೇರಿ ಮಾಡಿದ್ದೆಲ್ಲ ಕಾಪಿಗಳೇ ತಾನೇ? ನಮ್ಮವರು ಸ್ವಂತ ಅಂತ ಏನು ಮಾಡಿದ್ದಾರೆ? ಅದಕ್ಕೇ ನಾನು ಡಿಗ್ರಿ ಮುಗಿದ ಕೂಡಲೇ ಜರ್ಮನಿಗೆ ಹೋಗ್ತೀನಿ."

ಉಳಿದವರು ನಕ್ಕರು, ನಾನೂ ನಕ್ಕೆ. ಆದರೆ ಡೊಂಬಿವಲಿಯ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಸೇನೆಯ ಇ.ಎಂ.ಇ. ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಗಾಡಿ ಮೆಕ್ಯಾನಿಕ್ ಆಗಿದ್ದವನು ನಾನು. ಆ ಹುಡುಗ ಕೇಳಿದ್ದು ನನ್ನ ಇಡೀ ಆಯುಷ್ಯದ ಕೆಲಸದ ಬಗ್ಗೆ. ಅವನಿಗೆ ಅಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಓದುವುದು ಕಷ್ಟವಾದರೆ ಅಪ್ಪ ಅಮ್ಮನ ಹತ್ತಿರ ಓದಿಸಿಕೊಳ್ಳಿ, ತಪ್ಪೇನಿಲ್ಲ.

ಅಸಲು ಯಾವುದು, ನಕಲು ಯಾವುದು?

ಮೊದಲು ಜೀಪಿನ ಜಾತಕವನ್ನೇ ನೋಡೋಣ. 1940ರ ಜುಲೈಯಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಹಗುರವಾದ ಗಾಡಿ ಬೇಕು, ಮೊದಲ ಮಾದರಿಯನ್ನು 49 ದಿನಗಳಲ್ಲಿ ತಂದು ನಿಲ್ಲಿಸಬೇಕು ಎಂದು ಕೇಳಿತು. ಆ ಗಡುವಿಗೆ ಒಪ್ಪಿ ಗಾಡಿ ತಂದು ಕೊಟ್ಟಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಅದರ ನಕ್ಷೆ ಬರೆದವರು ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್. ಆದರೆ ಬ್ಯಾಂಟಮ್ ಕಂಪನಿಗೆ ಲಕ್ಷಗಟ್ಟಲೆ ಗಾಡಿ ತಯಾರಿಸುವ ಶಕ್ತಿ ಇಲ್ಲ ಎಂದು ಕಂಡಾಗ ಸೇನೆ ಆ ನಕ್ಷೆಯನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸಿತು. ವಿಲ್ಲಿಸ್‌ನವರದು ಗಟ್ಟಿ ಎಂಜಿನ್. ತಗಡನ್ನು ಒತ್ತಿ ಸೀಳು ಮಾಡಿದ ಮುಂಭಾಗದ ಜಾಲರಿ ಫೋರ್ಡ್‌ನವರದು. ಹೀಗೆ ಮೂವರ ಕೈ ಸೇರಿ ಆದದ್ದು, ಎರಡನೇ ಮಹಾಯುದ್ಧದಲ್ಲಿ ಆರು ಲಕ್ಷಕ್ಕೂ ಮೀರಿ ತಯಾರಾದ ಜೀಪು. ಗಾಡಿಯನ್ನು ಮೊದಲು ಕಟ್ಟಿದ ಬ್ಯಾಂಟಮ್ ಹೆಸರು ಇವತ್ತು ಯಾರಿಗೆ ಗೊತ್ತು, ಹೇಳಿ?

ಅಲ್ಲಿಗೇ ಮುಗಿಯಲಿಲ್ಲ. ಇಂಗ್ಲೆಂಡಿನಲ್ಲಿ 1947ರಲ್ಲಿ ಲ್ಯಾಂಡ್ ರೋವರ್‌ನ ಮೊದಲ ಮಾದರಿಯನ್ನು ಕಟ್ಟಿದ್ದು ಜೀಪಿನ ಚಾಸಿ ಮೇಲೆ. ಜಪಾನಿನಲ್ಲಿ 1951ರಲ್ಲಿ ಟೊಯೋಟಾ ಮತ್ತು ನಿಸ್ಸಾನ್ ಕಂಪನಿಗಳು ಜೀಪನ್ನೇ ಕಣ್ಣ ಮುಂದಿಟ್ಟುಕೊಂಡು ಗಾಡಿ ಮಾಡಿದವು. ಟೊಯೋಟಾದ ಗಾಡಿ ಮುಂದೆ ಲ್ಯಾಂಡ್ ಕ್ರೂಸರ್ ಆಯಿತು, ನಿಸ್ಸಾನಿನದು ಪೆಟ್ರೋಲ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. (ಇದು ಗಾಡಿಗೆ ಹಾಕುವ ಪೆಟ್ರೋಲ್ ಅಲ್ಲ, ಗಸ್ತು ತಿರುಗುವುದು ಎಂಬ ಅರ್ಥದ ಶಬ್ದ!) ಸುಜುಕಿಯ ಜಿಮ್ನಿ ಸಹ ಹೋಪ್ ಮೋಟಾರ್ ಎಂಬ ಪುಟ್ಟ ಕಂಪನಿಯಿಂದ 1968ರಲ್ಲಿ ಹಕ್ಕು ಕೊಂಡು ತಿದ್ದಿ ಬೆಳೆಸಿದ ಗಾಡಿ. ಆದ್ದರಿಂದ, ತಮ್ಮಾ, ಬೇರೆಯವರಿಂದ ಎರವಲು ತಂದಿದ್ದೇ ಅವಮಾನ ಎನ್ನುವುದಾದರೆ ಆ ಅವಮಾನ ಇಡೀ ಲೋಕಕ್ಕೇ ಸಲ್ಲಬೇಕು. ತಂದ ಮೇಲೆ ಏನು ಮಾಡಿದೆವು ಎನ್ನುವುದನ್ನು ನಾವು ಕೇಳಬೇಕು.

ನಿಮ್ಮ ರೈಲಿನ ದಾರಿಯಲ್ಲೇ

ಹಾರ್ಬರ್ ಲೈನಿನಲ್ಲಿ ಡಾಕ್‌ಯಾರ್ಡ್ ರೋಡ್ ಸ್ಟೇಷನ್ ದಾಟುವಾಗ ನೀವು ಮೊಬೈಲ್ ನೋಡುತ್ತಿರುತ್ತೀರಿ. ಒಮ್ಮೆ ತಲೆಯೆತ್ತಿ ನೋಡಿ, ಅದು ಮಜಗಾಂವ್. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಮೆರಿಕದಿಂದ ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬಂದ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಮೊದಲು ಜೋಡಿಸಿದ್ದು ಅಲ್ಲೇ. 1945ರಲ್ಲಿ ಮಹೀಂದ್ರ ಸಹೋದರರು ಮಲಿಕ್ ಗುಲಾಮ್ ಮೊಹಮ್ಮದ್ ಎಂಬುವರ ಜೊತೆ ಉಕ್ಕಿನ ವ್ಯಾಪಾರಕ್ಕೆಂದು ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಕಂಪನಿ ತೆರೆದಿದ್ದರು. ದೇಶ ಇಬ್ಭಾಗವಾದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಅರ್ಥಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಉಳಿದವರು 1948ರಲ್ಲಿ ಹೆಸರನ್ನು ಮಹೀಂದ್ರ ಅಂಡ್ ಮಹೀಂದ್ರ ಎಂದು ಬದಲಿಸಿ ಜೀಪಿನ ಕೆಲಸ ಮುಂದುವರಿಸಿದರು. ಆಮೇಲೆ ವೆಸ್ಟರ್ನ್ ಲೈನಿನ ಕಾಂದಿವಲಿಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು.

ಆ ಕಾಲದಲ್ಲಿ ನಮ್ಮ ಸೇನೆಗೆ ಜೀಪಿನ ಹಸಿವು ಎಷ್ಟಿತ್ತು ಗೊತ್ತೇ? 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣ ಮೆನನ್ ನಿಯಮಗಳನ್ನು ಬದಿಗಿಟ್ಟು ಒಂದು ವಿದೇಶೀ ಸಂಸ್ಥೆಯ ಜೊತೆ ಸುಮಾರು 80 ಲಕ್ಷ ರೂಪಾಯಿಯ ಜೀಪು ಖರೀದಿ ಒಪ್ಪಂದ ಮಾಡಿಕೊಂಡರು. ಬೇಕಾಗಿದ್ದವು 200, ಬಂದವು 155, ಅವೂ ಯುದ್ಧ ನಿಂತ ಮೇಲೆ. ಪಾರ್ಲಿಮೆಂಟಿನಲ್ಲಿ ದೊಡ್ಡ ಗದ್ದಲವಾಯಿತು. 'ಜೀಪು ಹಗರಣ' ಎಂದು ಅದು ಇತಿಹಾಸದಲ್ಲಿ ದಾಖಲಾಗಿದೆ. 1955ರಲ್ಲಿ ಸರಕಾರ ಆ ಪ್ರಕರಣ ಮುಗಿಯಿತೆಂದು ಘೋಷಿಸಿತು. ಹಣದ ಮಾತು ಹಾಗಿರಲಿ, ಸ್ವಂತ ಕಾರ್ಖಾನೆ ಇಲ್ಲದವನ ಗತಿ ಏನು ಎಂಬುದನ್ನು ಮಾತ್ರ ಆ ಘಟನೆ ಚೆನ್ನಾಗಿ ಕಲಿಸಿತು.

ಎತ್ತರದ ಬಾನೆಟ್ಟಿನ ಜೀಪು

ನಮ್ಮ ಸಕಲೇಶಪುರದ ಕಡೆ, ಕೊಡಗಿನ ಕಡೆ ರಜೆಗೆ ಹೋದಾಗ ಕಾಫಿ ತೋಟದ ಕೆಸರಿನಲ್ಲಿ ಗುರ್ ಎನ್ನುತ್ತ ಹತ್ತುವ ಹಳೆಯ ಜೀಪುಗಳನ್ನು ನೀವು ನೋಡಿದ್ದೀರಿ. ಬಾನೆಟ್ ಸ್ವಲ್ಪ ಎತ್ತರ, ಗೂನು ಬೆನ್ನಿನ ಹಾಗೆ ಇರುತ್ತದೆ. ಅದು ಸಿ.ಜೆ. 3ಬಿ ಮಾದರಿಯ ವಂಶ. ಬಾನೆಟ್ ಎತ್ತರವಾದದ್ದು ಚಂದಕ್ಕಲ್ಲ. ಹಳೆಯ ಎಂಜಿನ್ನಿನಲ್ಲಿ ಎರಡೂ ವಾಲ್ವುಗಳು ಪಕ್ಕದಲ್ಲಿದ್ದವು. ಹೆಚ್ಚು ಬಲ ಬರಲೆಂದು ಒಳಗೆ ಗಾಳಿ ಬಿಡುವ ವಾಲ್ವನ್ನು ಸಿಲಿಂಡರಿನ ತಲೆಯ ಮೇಲಕ್ಕೆ ತಂದರು, ಎಂಜಿನ್ ಎತ್ತರವಾಯಿತು, ಅದರ ಮೇಲಿನ ಮುಚ್ಚಳವೂ ಏರಿತು. ಅಮೆರಿಕದಲ್ಲಿ 1953ರಲ್ಲಿ ಶುರುವಾದ ಈ ಮಾದರಿ 1968ರಲ್ಲಿ ನಿಂತುಹೋಯಿತು. ನಮ್ಮಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ಇನ್ನೂ ನಾಲ್ಕು ದಶಕ ಓಡಾಡಿದರು. ಸ್ಟೀರಿಂಗ್ ಬಲಗಡೆಗೆ ಬಂತು, ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂತು, ಸೇನೆಗೆ ಎಂ.ಎಂ. 540 ಬಂತು.

1965ರ ಸೆಪ್ಟೆಂಬರ್ 10ರಂದು ಪಂಜಾಬಿನ ಅಸಲ್ ಉತ್ತಾರ್ ಹತ್ತಿರದ ಕಬ್ಬಿನ ಗದ್ದೆಗಳಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ ತೋಪಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದು ಉರುಳಿಸಿ ವೀರಮರಣ ಹೊಂದಿದರು. ಅವರಿಗೆ ಪರಮವೀರ ಚಕ್ರ ಬಂತು. ಟ್ಯಾಂಕಿನ ಎದುರು ತೆರೆದ ಜೀಪು! ಹೊಡೆದು, ಜಾಗ ಬದಲಿಸಿ, ಮತ್ತೆ ಹೊಡೆಯುವುದು ಅವರ ತಂತ್ರ. ಆ ಹೊತ್ತಿನಲ್ಲಿ ಗಾಡಿ ಕೆಸರಿನಲ್ಲಿ ಹೂತುಕೊಂಡರೆ ಏನಾಗುತ್ತಿತ್ತು ಎಂದು ಯೋಚಿಸಿ. ಅದೇ ಯುದ್ಧದಲ್ಲಿ ಅಮೆರಿಕ ಎರಡೂ ದೇಶಗಳಿಗೆ ಶಸ್ತ್ರಾಸ್ತ್ರ ಕೊಡುವುದನ್ನು ನಿಲ್ಲಿಸಿತು. ಬಿಡಿಭಾಗ ನಮ್ಮಲ್ಲೇ ಆಗಬೇಕು ಎನ್ನುವ ಮಾತಿಗೆ ಮತ್ತೊಂದು ಸಾಕ್ಷಿ ಬೇಕಿರಲಿಲ್ಲ.

ಜಬಲ್ಪುರದ ಜೋಂಗಾ

ವಿಚಿತ್ರ ನೋಡಿ, ಜೀಪು ಹಗರಣದ ಅದೇ ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗಲೇ, 1959ರಲ್ಲಿ, ಜರ್ಮನಿಯ ಮಾನ್ ಕಂಪನಿಯ ವಿನ್ಯಾಸದ ಟ್ರಕ್ಕು ಜಬಲ್ಪುರದಲ್ಲಿ ತಯಾರಾಗತೊಡಗಿತು. ಅದೇ ಶಕ್ತಿಮಾನ್. ಅದು 1996ರವರೆಗೂ ತಯಾರಾಯಿತು. 1962ರ ಚೀನಾ ಯುದ್ಧದಲ್ಲಿ ಗುಡ್ಡಗಾಡಿಗೆ ರಸ್ತೆಯೂ ಸಾಲದೆ, ಗಾಡಿಯೂ ಸಾಲದೆ, ಕೂಲಿಗಳ ಬೆನ್ನ ಮೇಲೆ, ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸಬೇಕಾಯಿತು. ಆಮೇಲೆ ನಿಸ್ಸಾನ್ ಜೊತೆ ಒಪ್ಪಂದವಾಗಿ ಎರಡು ಗಾಡಿಗಳು ಬಂದವು. ಒಂದು ಟನ್ ಹೊರುವ ನಿಸ್ಸಾನ್ ಟ್ರಕ್ಕು ಒಂದು. ಇನ್ನೊಂದು, ನಿಸ್ಸಾನ್ ಪೆಟ್ರೋಲ್ 60ನ್ನು ಆಧರಿಸಿದ ಜೋಂಗಾ. ಜೋಂಗಾ ಎಂದರೆ ಯಾವುದೋ ಆಫ್ರಿಕಾದ ಪ್ರಾಣಿ ಎಂದುಕೊಳ್ಳಬೇಡಿ! 'ಜಬಲ್ಪುರ್ ಆರ್ಡ್ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ' ಎಂಬ ಉದ್ದನೆಯ ಹೆಸರನ್ನು ಮುರಿದು ಮಾಡಿದ ಪದ ಅದು.

ಈ ಜೋಂಗಾದ ಜೊತೆಗೇ ನಾನು ಯೌವನ ಕಳೆದೆ. ಆರು ಸಿಲಿಂಡರು, ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್. ನಮ್ಮ ಕೈಯಲ್ಲಿ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಟ್ಟರೆ ಪುಣ್ಯ. ಆದರೆ ಲಡಾಖಿನಲ್ಲಿ ಅದರ ಬೆಲೆ ಗೊತ್ತಾಗುತ್ತಿತ್ತು. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಸಮುದ್ರಮಟ್ಟದ ನೂರಕ್ಕೆ ಎಪ್ಪತ್ತರಷ್ಟು ಮಾತ್ರ ದಟ್ಟ. ಗಾಳಿ ಕಡಿಮೆಯಾದರೆ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಸಣ್ಣ ಎಂಜಿನ್ ಏದುಸಿರು ಬಿಡುವ ಕಡೆ ಜೋಂಗಾ ಮೂರನೇ ಒಂದು ಪಾಲು ಕಳೆದುಕೊಂಡೂ ಎಳೆಯುತ್ತಿತ್ತು.

ಇನ್ನು ಪಕ್ಕದ ಚಿಕ್ಕ ಗೇರುಕೋಲಿನ ಮಾತು. ಮುಖ್ಯ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ, ಟ್ರಾನ್ಸ್‌ಫರ್ ಕೇಸ್ ಎನ್ನುತ್ತೇವೆ. ಅದು ಬಲವನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುತ್ತದೆ. 'ಲೋ' ಗೇರಿಗೆ ಹಾಕಿದರೆ ವೇಗ ಇಳಿದು, ಚಕ್ರದ ತಿರುಗುಬಲ ಏರುತ್ತದೆ. ವಿಲ್ಲಿಸ್ ಜೀಪುಗಳಲ್ಲಿ ಮಾದರಿಗೆ ತಕ್ಕಂತೆ ಸುಮಾರು ಎರಡರಿಂದ ಎರಡೂವರೆ ಪಟ್ಟು. ಎತ್ತು ಓಡಿದರೆ ಕೆಸರಿನಿಂದ ಗಾಡಿ ಹೊರಗೆ ಬರುವುದಿಲ್ಲ, ಕಾಲೂರಿ ಎಳೆದರೆ ಬರುತ್ತದೆ. ಇದೂ ಹಾಗೆಯೇ.

ಮುರಿದ ಸ್ಪ್ರಿಂಗು ಕಲಿಸಿದ ಪಾಠ

ಈಗ ನನ್ನದೇ ಒಂದು ಅನುಭವ. 1983ರ ಅಕ್ಟೋಬರ್. ಲೇಹ್‌ನಿಂದ ಶ್ರೀನಗರದ ಕಡೆ ಬರುವ ಕಾನ್ವಾಯಿಯಲ್ಲಿ ನಾನಿದ್ದ ಜೋಂಗಾ ಫೋಟು ಲಾ ಕಣಿವೆ ಇಳಿಯುತ್ತಿತ್ತು. ಆ ಕಣಿವೆಯ ಎತ್ತರ 4,100 ಮೀಟರ್‌ಗೂ ಹೆಚ್ಚು. ಒಂದು ತಿರುವಿನಲ್ಲಿ 'ಠಣ್' ಎಂದು ಸದ್ದಾಗಿ ಗಾಡಿ ಕಣಿವೆಯ ಕಡೆಗೇ ವಾಲಿತು. ಹಿಂದಿನ ಸ್ಪ್ರಿಂಗಿನ ಮುಖ್ಯ ಪ್ಲೇಟು ಎರಡು ತುಂಡು! ಡ್ರೈವರ್ ಗಾಡಿಯನ್ನು ಬಂಡೆಯ ಕಡೆ ಉಜ್ಜಿ ನಿಲ್ಲಿಸದಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ. ಆಕ್ಸಲ್‌ಗೂ ಚಾಸಿಗೂ ನಡುವೆ ಮರದ ದಿಮ್ಮಿ ಇಟ್ಟು, ಸರಪಳಿಯಿಂದ ಬಿಗಿದು, ನಡಿಗೆಯ ವೇಗದಲ್ಲಿ ಇಳಿಸಿದೆವು. ಎರಡು ಗಂಟೆಯ ದಾರಿಗೆ ಇಡೀ ದಿನ ಹಿಡಿಯಿತು.

ವರ್ಕ್‌ಶಾಪಿಗೆ ಬಂದು ಆ ತುಂಡನ್ನು ನಮ್ಮ ಸುಬೇದಾರ್ ಸಾಹೇಬರ ಮುಂದಿಟ್ಟೆ. ಹೊಸ ಪ್ಲೇಟು ಅದು, ದೇಶದಲ್ಲೇ ತಯಾರಾಗಿದ್ದು. ಯಾರು ಮಾಡಿದ್ದರು ಎನ್ನುವುದು ಈಗ ಬೇಡ. ಅವರು ವರ್ನಿಯರ್ ಹಿಡಿದು ಅಳೆದರು. ಉದ್ದ, ಅಗಲ, ದಪ್ಪ, ತೂತು ಎಲ್ಲವೂ ನಕ್ಷೆಯ ಪ್ರಕಾರ ಸರಿ. ಆಮೇಲೆ ಮುರಿದ ಮುಖವನ್ನು ಬಿಸಿಲಿಗೆ ಹಿಡಿದು "ನೋಡು" ಎಂದರು. ಕಲ್ಲುಸಕ್ಕರೆ ಒಡೆದ ಹಾಗೆ ಕಾಳುಕಾಳಾಗಿ ಹೊಳೆಯುತ್ತಿತ್ತು. ಸ್ಪ್ರಿಂಗಿನ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತದೆ, ಆದರೆ ಗಾಜಿನ ಹಾಗೆ ಒಡೆಯುವ ಗಡಸು ಅದು. ಮತ್ತೆ ನಾನೂರು ಐನೂರು ಡಿಗ್ರಿಗೆ ಕಾಯಿಸಿ ಹದ ಕೊಟ್ಟರೆ ಮಾತ್ರ ಬಾಗಿ ಏಳುವ ಗುಣ ಬರುತ್ತದೆ. ಯಾರೋ ಮೊದಲ ಸಲ ಅತಿಯಾಗಿ ಕಾಯಿಸಿದ್ದರು, ಎರಡನೇ ಸಲ ಅವಸರ ಮಾಡಿದ್ದರು.

ಅಂದು ನನಗೆ ನಮ್ಮ ಅಮ್ಮನ ಮಾತು ನೆನಪಾಯಿತು. ಮೈಸೂರು ಪಾಕಿಗೆ ಎಷ್ಟು ಸಕ್ಕರೆ, ಎಷ್ಟು ತುಪ್ಪ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. ಪಾಕದ ಹದ ಮಾತ್ರ ಬರೆದುಕೊಂಡರೆ ಬರುವುದಿಲ್ಲ, ಒಲೆಯ ಮುಂದೆ ನಿಂತೇ ಕಲಿಯಬೇಕು. ನಕ್ಷೆಯಿಂದ ಅಳತೆ ಬರುತ್ತದೆ, ಹದ ಬರುವುದಿಲ್ಲ. ನಮ್ಮ ಕೆಲಸಗಾರರು ಕಲಿತರು ಕೂಡ. ಮುಂದಿನ ವರ್ಷಗಳಲ್ಲಿ ನನ್ನ ಕೈಗೆ ಬಂದ ಪ್ಲೇಟುಗಳು ಕಲ್ಲುರಸ್ತೆಯಲ್ಲಿ ಸವೆದು ತೆಳ್ಳಗಾದವೇ ಹೊರತು ಹಾಗೆ ಒಡೆಯಲಿಲ್ಲ. ಆ ಕಲಿಕೆಗೆ 'ಕಾಪಿ' ಎಂಬ ಹೆಸರು ಒಪ್ಪುತ್ತದೆಯೇ, ನೀವೇ ಹೇಳಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ

ಹಾಗೆಂದು ನಮ್ಮದೆಲ್ಲ ಸರಿ ಎಂದು ನಾನು ಬೆನ್ನು ತಟ್ಟಿಕೊಳ್ಳುವವನಲ್ಲ. ಆ ಹುಡುಗನ ಮಾತಿನಲ್ಲಿ ಅರ್ಧ ಸತ್ಯವಿದೆ. ನಿಸ್ಸಾನ್‌ನವರು 60ನೇ ಮಾದರಿಯನ್ನು 1980ರಲ್ಲಿ ಬಿಟ್ಟು ಹೊಸದಕ್ಕೆ ಹೋದರು. ನಾವು ಜೋಂಗಾವನ್ನು 1999ರವರೆಗೆ ಹೆಚ್ಚು ಬದಲಾವಣೆಯಿಲ್ಲದೆ ಮಾಡುತ್ತ ಬಂದೆವು. ಹದ ಕಲಿತವರು ನಕ್ಷೆ ಬರೆಯಲು ಕಲಿಯಬೇಕಿತ್ತು. ಬಹುಕಾಲ ಕಲಿಯಲಿಲ್ಲ.

ನಮ್ಮ ಕರ್ನಾಟಕದ ಉದಾಹರಣೆಯನ್ನೇ ಕೊಡುತ್ತೇನೆ. ಬೆಂಗಳೂರಿನ ಬಿ.ಇ.ಎಂ.ಎಲ್. ಸಂಸ್ಥೆ 1986ರ ಒಪ್ಪಂದದ ಮೇಲೆ ಚೆಕೊಸ್ಲೊವಾಕಿಯಾದ ಟಾಟ್ರಾ ಟ್ರಕ್ಕುಗಳನ್ನು ಸೇನೆಗೆ ತಯಾರಿಸಿತು. ಅದ್ಭುತ ಗಾಡಿ. ಏಣಿಯಂಥ ಚಾಸಿಯ ಬದಲು ನಡುವೆ ಬೆನ್ನೆಲುಬಿನಂತೆ ಒಂದೇ ಕೊಳವೆ, ಅದರ ಎರಡೂ ಬದಿಗೆ ಹಕ್ಕಿಯ ರೆಕ್ಕೆಯಂತೆ ಬೇರೆಬೇರೆಯಾಗಿ ಆಡುವ ಅರ್ಧ ಆಕ್ಸಲ್‌ಗಳು. ಪಿನಾಕ ರಾಕೆಟ್‌ಗಳನ್ನು ಹೊತ್ತಿದ್ದು ಇದೇ. ಆದರೆ ಎಡಗಡೆ ಓಡಿಸುವ ನಮ್ಮ ದೇಶದಲ್ಲಿ ಅದರ ಸ್ಟೀರಿಂಗ್ ವರ್ಷಾನುಗಟ್ಟಲೆ ಎಡಕ್ಕೇ ಉಳಿದಿತ್ತು! ಎದುರು ಬರುವ ಗಾಡಿ ನೋಡಲು ಡ್ರೈವರ್ ಪಕ್ಕದವನನ್ನು ಕೇಳಬೇಕು. ತಂದದ್ದನ್ನು ನಮ್ಮ ರಸ್ತೆಗೆ ಹೊಂದಿಸಿಕೊಳ್ಳದಿದ್ದರೆ ಹೀಗಾಗುತ್ತದೆ.

ಇನ್ನೊಂದು ಪಾಠ 2018ರದು. ಮಹೀಂದ್ರ ಕಂಪನಿ ರಾಕ್ಸರ್ ಎಂಬ ಗಾಡಿಯನ್ನು ಅಮೆರಿಕದಲ್ಲೇ ಮಾರಲು ಹೊರಟಾಗ ಜೀಪಿನ ಆಗಿನ ಒಡೆಯರು, ಈ ರೂಪ ನಮ್ಮದು ಎಂದು ದೂರು ಕೊಟ್ಟರು. ಗಾಡಿಯ ಮುಖವನ್ನೇ ಬದಲಿಸಬೇಕಾಯಿತು. ಎಪ್ಪತ್ತು ವರ್ಷ ಜೊತೆಗಿದ್ದರೂ ಎರವಲು ಎರವಲೇ ಎಂದು ಲೋಕ ನೆನಪಿಸಿತು.

ಮಾರುತಿ ಜಿಪ್ಸಿಯದು ಸ್ವಲ್ಪ ಬೇರೆ ಕಥೆ. ಸುಜುಕಿಯ ಜಿಮ್ನಿಯ ಉದ್ದನೆಯ ರೂಪವಾಗಿ 1985ರಲ್ಲಿ ಬಂದಾಗ ಅದರದು ಒಂದು ಲೀಟರಿಗೂ ಕಡಿಮೆಯ, 970 ಸಿ.ಸಿ. ಎಂಜಿನ್. ಜೋಂಗಾ ಓಡಿಸಿದ ನಾವು "ಇದೇನು ಆಟದ ಸಾಮಾನು" ಎಂದು ನಕ್ಕೆವು. ಆದರೆ ಗಾಡಿಯ ತೂಕ ಒಂದು ಟನ್ನಿನ ಆಸುಪಾಸು ಅಷ್ಟೆ. ಹೂತರೆ ನಾಲ್ಕು ಜವಾನರು ಎತ್ತಿ ಪಕ್ಕಕ್ಕೆ ಇಡಬಹುದಿತ್ತು! ಡೀಸೆಲ್ ಹೆಪ್ಪುಗಟ್ಟುವ ಚಳಿಯಲ್ಲಿ ಪೆಟ್ರೋಲ್ ಜಿಪ್ಸಿ ಬೆಳಿಗ್ಗೆ ಚಾಲೂ ಆಗುತ್ತಿತ್ತು. ಮುಂದೆ 1.3 ಲೀಟರಿನ ಎಂಜಿನ್ ಬಂತು, 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂತು. 2019ರಲ್ಲಿ ಜನರಿಗೆ ಮಾರುವುದು ನಿಂತಿತು.

ಮತ್ತೆ 2021ರಲ್ಲಿ ಒಂದು ಸುದ್ದಿ ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಹಗುರವಾದ ಕವಚವುಳ್ಳ 1,300 ಗಾಡಿಗಳಿಗೆ ಸೇನೆ ಮಹೀಂದ್ರದ ರಕ್ಷಣಾ ವಿಭಾಗದ ಜೊತೆ 1,056 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. 2023ರಿಂದ ಅವು ಸೇನೆಗೆ ಸೇರತೊಡಗಿದವು. ಅರ್ಮಾಡೋ ಎಂದು ಹೆಸರು. ಅದರ ನಕ್ಷೆ ಇಲ್ಲಿಯದೇ. ಮಜಗಾಂವ್‌ನ ಪೆಟ್ಟಿಗೆಗಳಿಂದ ಅಲ್ಲಿಗೆ ಬರಲು ಮುಕ್ಕಾಲು ಶತಮಾನ ಬೇಕಾಯಿತು. ತಡವಾಯಿತು, ನಿಜ. ಆದರೆ ಸ್ಪ್ರಿಂಗಿಗೆ ಹದ ಕೊಡಲು ಕಲಿತ ಹೆಸರಿಲ್ಲದ ಸಾವಿರಾರು ಕೈಗಳಿಲ್ಲದೆ ಆ ನಕ್ಷೆ ಹುಟ್ಟುತ್ತಿರಲಿಲ್ಲ.

ಕೊನೆಯ ಮಾತು

ಜರ್ಮನಿಗೆ ಹೋಗುವ ತಮ್ಮನಿಗೆ ನಾನು ಬೇಡ ಎನ್ನುವುದಿಲ್ಲ. ಹೋಗಲಿ. ನಮ್ಮ ತಂದೆ ತಾಯಂದಿರೂ ಊರು ಬಿಟ್ಟೇ ಮುಂಬಯಿಗೆ ಬಂದರು, ನಾನು ಹಳ್ಳಿ ಬಿಟ್ಟೇ ಲಡಾಖ್ ನೋಡಿದೆ. ಆದರೆ ಅಲ್ಲಿಂದ ಬರೀ ಅಳತೆ ಬರೆದುಕೊಂಡು ಬರಬೇಡ, ಹದ ಕಲಿತು ಬಾ. ಅವರು ಏನು ಮಾಡುತ್ತಾರೆ ಎನ್ನುವುದಕ್ಕಿಂತ ಯಾಕೆ ಹಾಗೆ ಮಾಡುತ್ತಾರೆ ಎಂದು ಕೇಳು.

ನಿಮಗೆಲ್ಲರಿಗೂ ಇನ್ನೊಂದು ಮಾತು. ನಿಮ್ಮ ಕನ್ನಡವೂ ಆ ಮಜಗಾಂವ್ ಜೀಪಿನ ಹಾಗೆಯೇ ಊರಿನಿಂದ ಬಿಡಿಬಿಡಿಯಾಗಿ ಬಂದದ್ದು. ಅಜ್ಜಿಯಿಂದ ಒಂದಿಷ್ಟು, ಅಮ್ಮನಿಂದ ಒಂದಿಷ್ಟು, ರಜೆಯಲ್ಲಿ ಹೋದಾಗ ಒಂದಿಷ್ಟು. ಮರಾಠಿ, ಹಿಂದಿಯ ಬೋಲ್ಟು ನಟ್ಟು ಹಾಕಿ ನೀವು ಅದನ್ನು ಇಲ್ಲಿ ಜೋಡಿಸಿಕೊಂಡಿದ್ದೀರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಬಿಡಿಭಾಗ ಕಳಿಸುವ ಅಜ್ಜಿ ಯಾವಾಗಲೂ ಇರುವುದಿಲ್ಲ. ಆಗ ಗಾಡಿ ನಿಲ್ಲಬಾರದು ಎಂದರೆ ನಿಮ್ಮ ಮನೆಯಲ್ಲೇ ಪದಗಳ ಕಾರ್ಖಾನೆ ನಡೆಯಬೇಕು. ಮಾತಾಡಿ, ತಪ್ಪಾದರೂ ಪರವಾಗಿಲ್ಲ, ಬರೆಯಿರಿ. ಹದ ತಾನಾಗಿ ಬರುತ್ತದೆ.

ಮುಂದಿನ ಸಲ ಹಾರ್ಬರ್ ಲೈನಿನಲ್ಲಿ ಹೋಗುವಾಗ ಡಾಕ್‌ಯಾರ್ಡ್ ರೋಡಿನಲ್ಲಿ ಒಮ್ಮೆ ಕಿಟಕಿಯಿಂದ ಹೊರಗೆ ನೋಡುತ್ತೀರಿ ತಾನೇ?